ನೆರೆಮನೆ ಉರಿದುಹೋಗಲಿ ಎನ್ನುವವರಿಗೆ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಪಾಕಿಸ್ತಾನದ ಮಾತೇಕೆ ಎಂದು ಓದುಗ ಬಂಧುಗಳು ಹುಬ್ಬೇರಿಸಬಹುದು. ಹಳಗನ್ನಡದ ಸೊಬಗು, ವಚನಗಳ ಪ್ರಸ್ತುತತೆ, ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಪಾಡು ಇವು ನಮ್ಮ ಸಂಚಿಕೆಗಳ ವಾಡಿಕೆಯ ವಿಷಯಗಳು. ಆದರೆ ಕಾರ್ಯಕ್ರಮ ಮುಗಿದು ಊಟದ ಎಲೆಯ ಮುಂದೆ ಕುಳಿತಾಗ ನಾವು ಆಡುವ ಮಾತು ಬೇರೆಯೇ. ಅಲ್ಲಿ ರಾಜಕೀಯ ಬರುತ್ತದೆ, ಗಡಿ ಬರುತ್ತದೆ, ಯುದ್ಧ ಬರುತ್ತದೆ. ಹೋಳಿಗೆಯ ಎರಡನೆಯ ಸುತ್ತು ಬರುವ ಹೊತ್ತಿಗೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಆ ದೇಶ ತಾನಾಗಿಯೇ ನಾಲ್ಕು ಚೂರಾಗಲಿ, ಪೀಡೆ ತೊಲಗಲಿ." ಸುತ್ತಲಿನ ತಲೆಗಳೆಲ್ಲ ಆಡುತ್ತವೆ. ಹಾಗೆ ಹೇಳುವವರು ಸಜ್ಜನರು, ವಿದ್ಯಾವಂತರು, ದೇಶದ ಮೇಲೆ ನಿಜವಾದ ಪ್ರೀತಿಯುಳ್ಳವರು. ಅದಕ್ಕಾಗಿಯೇ ಅವರ ಮಾತಿಗೆ ಉತ್ತರ ಕೊಡಬೇಕೆನಿಸಿತು. ಆ ಮಾತು ತಪ್ಪು. ಬರಿಯ ತಪ್ಪಲ್ಲ, ನಮಗೇ ಕೇಡು ತರುವಂಥದು ಎಂಬುದು ನನ್ನ ವಾದ.

ಈ ವಿಷಯದಲ್ಲಿ ಬಾಯಿ ತೆರೆಯುವ ಅಧಿಕಾರ ಕೊಯಮತ್ತೂರಿನವರಿಗೆ ಇಲ್ಲದಿಲ್ಲ. 1998ರ ಫೆಬ್ರವರಿ 14ರಂದು ಈ ನಗರದಲ್ಲಿ ಸಾಲುಸಾಲಾಗಿ ಸಿಡಿದ ಬಾಂಬುಗಳಿಗೆ 58 ಮಂದಿ ಬಲಿಯಾದರು. ಅದೇ ವರ್ಷದ ಮೇ ತಿಂಗಳಲ್ಲಿ ಮೊದಲು ಪೋಖರಣದಲ್ಲಿ ನಾವೂ, ಎರಡು ವಾರಗಳ ಬಳಿಕ ಚಾಗೈ ಬೆಟ್ಟದಲ್ಲಿ ಪಾಕಿಸ್ತಾನವೂ ಅಣುಬಾಂಬಿನ ಪರೀಕ್ಷೆ ನಡೆಸಿದೆವು. ಸರಿಯಾಗಿ 21 ವರ್ಷಗಳ ಅನಂತರ, ಮತ್ತದೇ ಫೆಬ್ರವರಿ 14ರಂದು, ಪುಲ್ವಾಮಾದಲ್ಲಿ ಕೇಂದ್ರ ಮೀಸಲು ಪಡೆಯ 40 ಯೋಧರು ಮಡಿದರು. ಅವರಲ್ಲೊಬ್ಬರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಗುಡಿಗೆರೆಯವರು. ಅದೇ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಿಂದ ಬಂದವರು, 2009ರಿಂದ 2012ರವರೆಗೆ ಭಾರತದ ವಿದೇಶಾಂಗ ಸಚಿವರಾಗಿ ಇಸ್ಲಾಮಾಬಾದಿಗೆ ಮಾತುಕತೆಗೆ ಹೋದ ಎಸ್. ಎಂ. ಕೃಷ್ಣ. ಒಂದೇ ತಾಲ್ಲೂಕು ಸಂಧಾನಕ್ಕೆ ಒಬ್ಬರನ್ನು ಕೊಟ್ಟಿತು, ಸಂಧಾನ ಫಲಿಸದ ಕಾಲದಲ್ಲಿ ಇನ್ನೊಬ್ಬರನ್ನು ಕಳೆದುಕೊಂಡಿತು. ಕನ್ನಡಿಗರಿಗೆ ಪಾಕಿಸ್ತಾನ ದೂರದ ಸುದ್ದಿಯಲ್ಲ.

ಮೊದಲು ಆ ದೇಶದ ಸ್ಥಿತಿಯನ್ನು ಕಣ್ಣುಬಿಟ್ಟು ನೋಡೋಣ. ಸುಮಾರು 24 ಕೋಟಿ ಜನ. 1947ರಿಂದ ಇಂದಿನವರೆಗೆ ಅಲ್ಲಿನ ಒಬ್ಬ ಪ್ರಧಾನಿಯೂ ಐದು ವರ್ಷದ ಪೂರ್ಣ ಅವಧಿಯನ್ನು ಮುಗಿಸಿಲ್ಲ. ಮೂರು ದೀರ್ಘ ಕಾಲಾವಧಿಗಳಲ್ಲಿ ಸೇನೆಯೇ ನೇರವಾಗಿ ಆಳಿತು. ಉಳಿದ ಕಾಲದಲ್ಲಿ ತೆರೆಯ ಹಿಂದೆ ನಿಂತು ಆಡಿಸಿತು. ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಬಾಗಿಲನ್ನು ಇಪ್ಪತ್ತಕ್ಕೂ ಹೆಚ್ಚು ಬಾರಿ ತಟ್ಟಿದೆ. ನಮ್ಮ ಮೇಲೆ ಬಿಡಲೆಂದು ಸಾಕಿದ ಉಗ್ರರಲ್ಲಿ ಕೆಲವರು ತಿರುಗಿ ಸಾಕಿದವರನ್ನೇ ಕಚ್ಚಿದರು. 2007ರಲ್ಲಿ ಬೆನಜೀರ್ ಭುಟ್ಟೋ ಹತ್ಯೆಯಾಯಿತು. 2009ರಲ್ಲಿ ರಾವಲ್ಪಿಂಡಿಯ ಸೇನಾ ಪ್ರಧಾನ ಕಚೇರಿಯ ಮೇಲೆ, 2011ರಲ್ಲಿ ಕರಾಚಿಯ ಮೆಹ್ರಾನ್ ನೌಕಾನೆಲೆಯ ಮೇಲೆ, 2012ರಲ್ಲಿ ಕಾಮ್ರಾ ವಾಯುನೆಲೆಯ ಮೇಲೆ ದಾಳಿಗಳಾದವು. 2014ರ ಡಿಸೆಂಬರ್ 16ರಂದು ಪೇಶಾವರದ ಸೈನಿಕ ಶಾಲೆಯೊಂದರಲ್ಲಿ 130ಕ್ಕೂ ಹೆಚ್ಚು ಮಕ್ಕಳನ್ನು ಗುಂಡಿಟ್ಟು ಕೊಂದರು. ಇಂಥ ದೇಶದ ಉಗ್ರಾಣದಲ್ಲಿ ಸುಮಾರು 170 ಅಣ್ವಸ್ತ್ರಗಳಿವೆ ಎಂದು ತಿಳಿದವರು ಲೆಕ್ಕ ಹಾಕುತ್ತಾರೆ.

ಈಗ, ಚೂರಾಗಲಿ ಎನ್ನುವ ಮಿತ್ರರನ್ನು ಒಂದೇ ಪ್ರಶ್ನೆ ಕೇಳುತ್ತೇನೆ: ಆ 170 ಅಸ್ತ್ರಗಳು ಯಾವ ಚೂರಿನ ಪಾಲಿಗೆ?

1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಅದರ ಅಣ್ವಸ್ತ್ರಗಳು ರಷ್ಯಾ, ಉಕ್ರೇನ್, ಬೆಲಾರುಸ್, ಕಜಾಕಿಸ್ತಾನ ಎಂಬ ನಾಲ್ಕು ದೇಶಗಳಲ್ಲಿ ಚದುರಿಹೋದವು. ಅವೆಲ್ಲ ರಷ್ಯಾಕ್ಕೆ ಮರಳಲು ವರ್ಷಗಳು ಹಿಡಿದವು. ಅಮೆರಿಕೆಯ ಹಣ ಬೇಕಾಯಿತು, ಹೊಸ ಸರ್ಕಾರಗಳ ಸಹಕಾರ ಬೇಕಾಯಿತು. ಅಲ್ಲಿ ಅಸ್ತ್ರಕ್ಕಾಗಿ ಹೊಂಚುಹಾಕಿ ಕುಳಿತ ಆತ್ಮಹತ್ಯಾ ದಳಗಳಿರಲಿಲ್ಲ. ಪಾಕಿಸ್ತಾನ ಒಡೆದರೆ ಹೊಸ ಸರ್ಕಾರ ಯಾವುದು, ಸಹಕರಿಸುವವರು ಯಾರು? ಇನ್ನು ಜನರ ಮಾತು. 1971ರಲ್ಲಿ ಪೂರ್ವ ಪಾಕಿಸ್ತಾನ ಹೊತ್ತಿ ಉರಿದಾಗ ಸುಮಾರು ಒಂದು ಕೋಟಿ ನಿರಾಶ್ರಿತರು ನಮ್ಮ ಗಡಿ ದಾಟಿದರು. ಲಾಹೋರಿನಿಂದ ಅಮೃತಸರಕ್ಕೆ ಐವತ್ತು ಕಿಲೋಮೀಟರಿನಷ್ಟು ದಾರಿ. ಇಲ್ಲಿಂದ ಸತ್ಯಮಂಗಲಕ್ಕೆ ಹೋಗಿಬರುವಷ್ಟೂ ಅಲ್ಲ. ಅಣುಧೂಳಿಗೆ ಪಾಸ್‌ಪೋರ್ಟ್ ಬೇಕಿಲ್ಲ. ನೆರೆಮನೆಯ ಹುಲ್ಲುಮಾಡಿಗೆ ಬೆಂಕಿ ಬಿದ್ದಾಗ ಚಪ್ಪಾಳೆ ತಟ್ಟುವವನು ತನ್ನ ಮಾಡು ಯಾವುದರದೆಂದು ಒಮ್ಮೆ ತಲೆಯೆತ್ತಿ ನೋಡಿಕೊಳ್ಳಬೇಕು.

"ಹಾಗಾದರೆ ಅಮೆರಿಕ ಇದೆಯಲ್ಲ, ಅದು ಹಿಡಿತದಲ್ಲಿಟ್ಟುಕೊಳ್ಳುತ್ತದೆ" ಎನ್ನುವ ಇನ್ನೊಂದು ಪಂಗಡವಿದೆ. ಈ ನಂಬಿಕೆ ಎಷ್ಟು ಟೊಳ್ಳು ಎಂಬುದಕ್ಕೆ ಇತಿಹಾಸವೇ ಸಾಕ್ಷಿ. ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ ಮೇಲೆ, 1981ರಲ್ಲಿ, ರೇಗನ್ ಸರ್ಕಾರ ಜನರಲ್ ಜಿಯಾ ಅವರಿಗೆ 320 ಕೋಟಿ ಡಾಲರುಗಳ ನೆರವನ್ನು ಒಪ್ಪಿಸಿತು. ಪಾಕಿಸ್ತಾನದ ಬಳಿ ಅಣುಬಾಂಬಿಲ್ಲವೆಂದು ಅಧ್ಯಕ್ಷರು ವರ್ಷವರ್ಷವೂ ಪ್ರಮಾಣಪತ್ರ ಕೊಟ್ಟರೆ ಮಾತ್ರ ನೆರವು ಎಂಬ ಪ್ರೆಸ್ಲರ್ ತಿದ್ದುಪಡಿ 1985ರಲ್ಲಿ ಬಂತು. ಸೋವಿಯತ್ ಸೇನೆ ಅಫ್ಘಾನಿಸ್ತಾನದಲ್ಲಿ ಇರುವವರೆಗೂ ಪ್ರಮಾಣಪತ್ರ ತಪ್ಪಲಿಲ್ಲ. 1989ರಲ್ಲಿ ಆ ಸೇನೆ ಹೊರಟಿತು. 1990ರಲ್ಲಿ ಪ್ರಮಾಣಪತ್ರವೂ ನಿಂತಿತು. ಬಾಂಬಿನ ಕೆಲಸ ಆ ವರ್ಷವೇ ಆರಂಭವಾಯಿತೆಂದು ನಂಬುವಷ್ಟು ಮುಗ್ಧರು ಯಾರಿದ್ದಾರೆ?

2001ರ ಬಳಿಕ ಅದೇ ನಾಟಕ, ಹೊಸ ಪಾತ್ರಧಾರಿಗಳು. 2004ರ ಫೆಬ್ರವರಿಯಲ್ಲಿ ಅಬ್ದುಲ್ ಖದೀರ್ ಖಾನ್ ದೂರದರ್ಶನದ ಮುಂದೆ ಕುಳಿತು, ಅಣು ರಹಸ್ಯಗಳನ್ನು ಪರದೇಶಗಳಿಗೆ ದಾಟಿಸಿದ್ದನ್ನು ಒಪ್ಪಿಕೊಂಡ. ಇರಾನ್, ಲಿಬಿಯಾ, ಉತ್ತರ ಕೊರಿಯಾಗಳವರೆಗೆ ಆ ವ್ಯಾಪಾರ ಹಬ್ಬಿತ್ತು. ಮುಷರ್ರಫ್ ಅವನಿಗೆ ಕ್ಷಮಾದಾನ ಕೊಟ್ಟರು. ಅದೇ ವರ್ಷದ ಜೂನ್‌ನಲ್ಲಿ ಅಮೆರಿಕ ಪಾಕಿಸ್ತಾನವನ್ನು ನೇಟೋ ಕೂಟದ ಹೊರಗಿನ ತನ್ನ ಪ್ರಮುಖ ಮಿತ್ರರಾಷ್ಟ್ರವೆಂದು ಘೋಷಿಸಿತು. ಕಳವಿನ ಒಪ್ಪೊಲೆಗೂ ಸನ್ಮಾನಪತ್ರಕ್ಕೂ ನಡುವೆ ನಾಲ್ಕು ತಿಂಗಳು! 2011ರ ಮೇ 2ರಂದು ಬಿನ್ ಲಾಡೆನ್ ಸಿಕ್ಕಿದ್ದು ಗುಹೆಯಲ್ಲಲ್ಲ. ಅಬೋಟಾಬಾದಿನಲ್ಲಿ, ಆ ದೇಶದ ಸೇನಾ ಅಕಾಡೆಮಿಯ ಹತ್ತಿರದ ಮನೆಯಲ್ಲಿ. ಹದಿನೈದು ವರ್ಷದಲ್ಲಿ 3,300 ಕೋಟಿ ಡಾಲರು ಕೊಟ್ಟು ಪಡೆದದ್ದು ಸುಳ್ಳು ಮತ್ತು ವಂಚನೆ ಎಂಬರ್ಥದಲ್ಲಿ 2018ರ ಹೊಸವರ್ಷದ ದಿನ ಗೋಳಾಡಿದವರು ಅಧ್ಯಕ್ಷ ಟ್ರಂಪ್. 2025ರ ಜೂನ್‌ನಲ್ಲಿ ಅದೇ ಟ್ರಂಪ್ ಶ್ವೇತಭವನಕ್ಕೆ ಊಟಕ್ಕೆ ಕರೆದದ್ದು ಪಾಕಿಸ್ತಾನದ ಪ್ರಧಾನಿಯನ್ನಲ್ಲ, ಸೇನಾ ಮುಖ್ಯಸ್ಥನನ್ನು.

ನಡುವೆ ಒಮ್ಮೆ ವಿವೇಕದ ಪ್ರಯತ್ನವಾದದ್ದನ್ನೂ ಹೇಳಬೇಕು. 2009ರ ಕೆರಿ-ಲೂಗರ್ ಕಾಯಿದೆ ಐದು ವರ್ಷಕ್ಕೆ 750 ಕೋಟಿ ಡಾಲರನ್ನು ಶಾಲೆ, ರಸ್ತೆ, ವಿದ್ಯುತ್ತಿನಂಥ ನಾಗರಿಕ ಕೆಲಸಗಳಿಗೆಂದು ಮೀಸಲಿಟ್ಟಿತು. ಸೈನ್ಯದ ನೆರವಿಗೆ ಷರತ್ತುಗಳನ್ನು ಹಾಕಿತು; ಸೈನ್ಯದ ಮೇಲೆ ಚುನಾಯಿತ ಸರ್ಕಾರಕ್ಕೆ ಎಷ್ಟು ಹಿಡಿತವಿದೆ ಎಂದು ಕೇಳಿತು. ಅದಕ್ಕೆ ಬಹಿರಂಗವಾಗಿ ಸಿಡಿದವರು ಯಾರು? ರಾವಲ್ಪಿಂಡಿಯ ಸೇನಾಧಿಪತಿಗಳು. ಮದ್ದು ಯಾವ ರೋಗಕ್ಕೆ ನಾಟುತ್ತದೆ ಎಂಬುದು ರೋಗಿ ಎಲ್ಲಿ ಕಿರುಚುತ್ತಾನೆ ಎಂಬುದರಿಂದಲೇ ತಿಳಿಯುತ್ತದೆ. ಅಮೆರಿಕ ಆ ಮದ್ದನ್ನು ಪಟ್ಟುಹಿಡಿದು ಕುಡಿಸಲಿಲ್ಲ. ಇಡಿಯ ಕತೆಯಿಂದ ಆ ಸೇನೆ ಕಲಿತ ಪಾಠ ಒಂದೇ: ಅಸ್ಥಿರತೆಯೇ ತನ್ನ ಬಂಡವಾಳ. ನಾನು ಬಿದ್ದರೆ ಬಾಂಬು ಉಗ್ರರ ಪಾಲಾದೀತು ಎಂದು ಹೆದರಿಸಿ ಊರಿನವರಿಂದ ವರ್ಷಾಶನ ಪಡೆಯುವುದು. ನಾವು "ಬೀಳಲಿ" ಎಂದು ಕೂಗಿದಷ್ಟೂ ಆ ಸೇನೆ ತನ್ನ ಜನರಿಗೆ ನಮ್ಮ ಕಡೆ ಬೆರಳು ತೋರಿಸಿ ತನ್ನ ಪಾಲನ್ನು ಹೆಚ್ಚಿಸಿಕೊಳ್ಳುತ್ತದೆ. ನಮ್ಮ ಘೋಷಣೆ ಅವರ ಆಯವ್ಯಯದ ಪತ್ರಕ್ಕೆ ಮುನ್ನುಡಿ.

ಹಾಗಾದರೆ ನಮ್ಮ ಮುಂದಿರುವ ದಾರಿಗಳೇನು? ದಂಡ ಒಂದು. ಹೊಡೆದವನಿಗೆ ಪೆಟ್ಟು ಕೊಡುವ ಹಕ್ಕು ನಮಗಿಲ್ಲವೆಂದು ನಾನು ಹೇಳುವುದಿಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಮಂದಿಯನ್ನು ಕೊಂದಾಗ, ಅವರಲ್ಲಿ ಕರ್ನಾಟಕದಿಂದ ಪ್ರವಾಸಕ್ಕೆ ಹೋದ ಗೃಹಸ್ಥರೂ ಇದ್ದಾಗ, ಕೈಕಟ್ಟಿ ಕುಳಿತುಕೊಳ್ಳಬೇಕಿತ್ತೆಂದು ಯಾವ ಬಾಯಿಯಿಂದ ಹೇಳಲಿ? ಮೇ 7ರಂದು ಆರಂಭವಾದ ಕಾರ್ಯಾಚರಣೆ 10ರಂದು ನಿಂತಿತು. ಆದರೆ ಆ ನಾಲ್ಕು ದಿನಗಳ ಪಾಠವನ್ನೂ ಓದಿಕೊಳ್ಳಬೇಕು. ಅಣ್ವಸ್ತ್ರವುಳ್ಳ ಇಬ್ಬರ ನಡುವೆ ಯುದ್ಧವನ್ನು ನಿಲ್ಲಿಸುವ ಮೆಟ್ಟಿಲನ್ನು ಹತ್ತುವ ಮೊದಲೇ ನೋಡಿಟ್ಟುಕೊಂಡಿರಬೇಕು. ದಂಡ ಉಪಾಯಗಳಲ್ಲೊಂದು, ಅದೊಂದೇ ನೀತಿಯಾಗಲಾರದು. ಸಾಮ, ದಾನ, ಭೇದಗಳನ್ನು ನಮ್ಮ ಹಿರಿಯರು ಅದಕ್ಕಿಂತ ಮೊದಲು ಎಣಿಸಿದ್ದು ಸುಮ್ಮನೆ ಅಲ್ಲ.

ಬಹಿಷ್ಕಾರ ಎರಡನೆಯದು. ವ್ಯಾಪಾರ ನಿಲ್ಲಲಿ, ವೀಸಾ ನಿಲ್ಲಲಿ, ಎಲ್ಲ ನಿಲ್ಲಲಿ. ಇದರಿಂದ ಯಾರಿಗೆ ನಷ್ಟ? ಇಲ್ಲೊಂದು ಸಂಗತಿಯನ್ನು ನೆನಪಿಸಬೇಕು. 2003ರ ಜುಲೈಯಲ್ಲಿ ದೆಹಲಿ-ಲಾಹೋರ್ ಬಸ್ಸು ಮರಳಿ ಓಡತೊಡಗಿದಾಗ ಲಾಹೋರಿನ ಎರಡೂವರೆ ವರ್ಷದ ಹೆಣ್ಣುಮಗುವೊಂದು ತಂದೆತಾಯಿಯರೊಡನೆ ಅದರಲ್ಲಿ ಬಂದಿತು. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಆ ಮಗುವಿನ ಹೃದಯದ ಶಸ್ತ್ರಚಿಕಿತ್ಸೆ ಆಯಿತು. ದೇಶದ ಮೂಲೆಮೂಲೆಯಿಂದ ಹಾರೈಕೆಗಳು, ಆಟಿಕೆಗಳು ಬಂದವು. ಕಾರ್ಗಿಲ್ ಮುಗಿದು ಆಗ ನಾಲ್ಕೇ ವರ್ಷ. ಸಂಸತ್ತಿನ ಮೇಲಿನ ದಾಳಿಗೆ ಇನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಕನ್ನಡ ನಾಡು ಆ ದಿನ ಮಾಡಿದ್ದು ಮೆತ್ತಗಿನ ಕೆಲಸವಲ್ಲ, ದೊಡ್ಡ ಕೆಲಸ. 2025ರಲ್ಲಿ ವೈದ್ಯಕೀಯ ವೀಸಾಗಳು ಕೂಡ ಏಪ್ರಿಲ್ 29ಕ್ಕೆ ಮುಗಿದವು. ಆ ದಿನದ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಮಗುವಿನ ವೀಸಾ ರದ್ದಾದರೆ ರಾವಲ್ಪಿಂಡಿಯ ಜನರಲ್ಲನಿಗೆ ಕಳೆದುಹೋದದ್ದೇನು? ಅವನ ಪಾಲಿಗೆ ಅದು ಲಾಭವೇ. ಭಾರತದಲ್ಲಿ ತಮ್ಮ ಮಗುವನ್ನು ಉಳಿಸಿದರು ಎಂದು ಹೇಳುವ ಒಂದು ಮನೆ ಕಡಿಮೆಯಾಯಿತು.

ಮೂರನೆಯದು ಮಾತು. "ಮಾತಾಡಿದಾಗಲೆಲ್ಲ ಪೆಟ್ಟು ತಿಂದಿದ್ದೇವೆ" ಎಂಬ ಆಕ್ಷೇಪ ಬಲವಾದದ್ದು; ಅದನ್ನು ತಳ್ಳಿಹಾಕಲಾರೆ. 1999ರ ಫೆಬ್ರವರಿಯಲ್ಲಿ ವಾಜಪೇಯಿ ಬಸ್ಸಿನಲ್ಲಿ ಲಾಹೋರಿಗೆ ಹೋದರು, ಬೇಸಿಗೆಯಲ್ಲಿ ಕಾರ್ಗಿಲ್. 2015ರ ಡಿಸೆಂಬರ್ 25ರಂದು ಮೋದಿ ಲಾಹೋರಿನಲ್ಲಿ ಇಳಿದರು, ಎಂಟು ದಿನಗಳಲ್ಲಿ ಪಠಾಣಕೋಟೆ. ಆದರೆ ಹೊಡೆದವರು ಯಾರೆಂದು ಕೇಳಿರಿ. ಮಾತು ಫಲಿಸಿದರೆ ಯಾರ ಅಂಗಡಿ ಮುಚ್ಚುತ್ತದೆಯೋ ಅವರು. ಪ್ರತಿ ಪೆಟ್ಟಿಗೂ ಮಾತು ನಿಲ್ಲಿಸುವುದೆಂದರೆ ಮಾತುಕತೆಯ ಮನೆಯ ಬೀಗದ ಕೈಯನ್ನು ಭಯೋತ್ಪಾದಕನ ಸೊಂಟಕ್ಕೆ ಸಿಕ್ಕಿಸಿದಂತೆ. ಮಾತು ಫಲ ಕೊಟ್ಟ ದಿನಗಳನ್ನು ನಾವು ಮರೆಯುತ್ತೇವೆ, ಏಕೆಂದರೆ ಆ ದಿನ ಯಾರೂ ಸಾಯುವುದಿಲ್ಲ, ಸುದ್ದಿಯಾಗುವುದಿಲ್ಲ. 2003ರ ನವೆಂಬರಿನ ಕದನವಿರಾಮ, 2021ರ ಫೆಬ್ರವರಿ 25ರ ಕದನವಿರಾಮ ಇವೆರಡೂ ಗಡಿಯ ಹಳ್ಳಿಗಳ ರೈತರನ್ನು ವರ್ಷಗಳ ಕಾಲ ಹೊಲಕ್ಕೆ ಹೋಗಗೊಟ್ಟವು.

ಎಸ್. ಎಂ. ಕೃಷ್ಣ ಅವರನ್ನು ಮೃದು ಎಂದು ಹಲವರು ಹಳಿದರು. 2010ರ ಜುಲೈಯಲ್ಲಿ ಇಸ್ಲಾಮಾಬಾದಿನ ಪತ್ರಿಕಾಗೋಷ್ಠಿಯಲ್ಲಿ, ಪಕ್ಕದಲ್ಲೇ ಕುಳಿತ ಆತಿಥೇಯ ಮಂತ್ರಿ ಷಾ ಮಹಮೂದ್ ಖುರೇಶಿ ನಮ್ಮ ಗೃಹ ಕಾರ್ಯದರ್ಶಿಯ ಮಾತನ್ನು ಹಫೀಜ್ ಸಯೀದನ ಮಾತಿನೊಡನೆ ತೂಗಿದರು. ಕೃಷ್ಣ ಕಿರುಚಲಿಲ್ಲ, ಕುರ್ಚಿ ಬಿಟ್ಟೇಳಲಿಲ್ಲ. ಮರುವರ್ಷ ದೆಹಲಿಯಲ್ಲಿ ಹೊಸ ಮಂತ್ರಿ ಹಿನಾ ರಬ್ಬಾನಿ ಖರ್ ಅವರೊಡನೆ ಕುಳಿತರು. 2012ರ ಸೆಪ್ಟೆಂಬರ್ 8ರಂದು ವೀಸಾ ಸಡಿಲಿಕೆಯ ಒಪ್ಪಂದಕ್ಕೆ ಇಸ್ಲಾಮಾಬಾದಿನಲ್ಲಿ ರುಜು ಬಿತ್ತು; 65 ದಾಟಿದ ಹಿರಿಯರಿಗೆ ಅಟ್ಟಾರಿ-ವಾಘಾ ಗಡಿಯಲ್ಲೇ ವೀಸಾ ಕೊಡುವುದು ಅದರ ಒಂದು ಅಂಶ. 2013ರ ಜನವರಿಯಲ್ಲಿ ಗಡಿಯಲ್ಲಿ ನಮ್ಮ ಸೈನಿಕರ ಕೊಲೆಯಾದಾಗ ಆ ಸೌಲಭ್ಯವನ್ನು ತಡೆಹಿಡಿಯಲಾಯಿತು. ಸೋತರೇ ಕೃಷ್ಣ? ನಮ್ಮ ಹಳ್ಳಿಗಳಲ್ಲಿ ರಾತ್ರಿಯಿಡೀ 'ಕೃಷ್ಣಸಂಧಾನ' ನೋಡಿದವರಿಗೆ ಉತ್ತರ ಗೊತ್ತು. ಕೌರವ ಐದು ಊರನ್ನೂ ಕೊಡಲಾರನೆಂದು ಆ ಕೃಷ್ಣನಿಗೆ ತಿಳಿಯದೆ ಇರಲಿಲ್ಲ. ಆದರೂ ಹೋದ. ಹಸ್ತಿನಾವತಿಯ ಸಭೆಯಲ್ಲಿ ಭೀಷ್ಮ, ದ್ರೋಣ, ವಿದುರರೂ ಇದ್ದರು; ಅವರ ಎದುರಿಗೆ ನ್ಯಾಯ ಯಾರ ಕಡೆಗಿದೆಯೆಂದು ತೋರಿಸಬೇಕಿತ್ತು. ಸಂಧಾನಕ್ಕೆ ಹೋಗದೆ ಯುದ್ಧಕ್ಕೆ ನಿಂತಿದ್ದರೆ ಪಾಂಡವರಿಗೆ ಆ ಬಲ ಎಲ್ಲಿಂದ ಬರುತ್ತಿತ್ತು?

ಟೀಕೆಯಷ್ಟೇ ಸಾಲದು, ಮಾಡಬೇಕಾದದ್ದನ್ನೂ ಹೇಳಬೇಕು. ಪಾಕಿಸ್ತಾನವೆಂಬುದು ಒಂದಲ್ಲ. ಸೇನೆ ಬೇರೆ, ಚುನಾಯಿತ ಸರ್ಕಾರ ಬೇರೆ, ಉಗ್ರ ಸಂಘಟನೆಗಳು ಬೇರೆ, ಹಸಿದ ಜನ ಬೇರೆ. ನಾಲ್ವರಿಗೂ ಒಂದೇ ಕೋಲು, ಒಂದೇ ಬೈಗುಳ ಎನ್ನುವುದು ನೀತಿಯಲ್ಲ, ಸೋಮಾರಿತನ.

ಮೊದಲನೆಯದಾಗಿ, ಅಣ್ವಸ್ತ್ರಗಳಿಗೆ ಸಂಬಂಧಿಸಿದ ತಂತಿಯನ್ನು ಎಂದೂ ಕಡಿಯಬಾರದು. ಪರಸ್ಪರರ ಅಣುಸ್ಥಾವರಗಳ ಮೇಲೆ ದಾಳಿ ಮಾಡಕೂಡದೆಂಬ ಒಪ್ಪಂದಕ್ಕೆ 1988ರ ಡಿಸೆಂಬರ್ 31ರಂದು ಸಹಿಯಾಯಿತು. ನಮ್ಮ ಕೈಗಾದಂಥ ವಿದ್ಯುತ್ ಸ್ಥಾವರಗಳಿಗೂ ಅದರ ರಕ್ಷೆಯುಂಟು. 1992ರಿಂದ ಪ್ರತಿ ಜನವರಿ 1ರಂದು ಎರಡೂ ದೇಶಗಳು ತಮ್ಮ ಸ್ಥಾವರಗಳ ಪಟ್ಟಿಯನ್ನು ಬದಲಿಸಿಕೊಳ್ಳುತ್ತಿವೆ. ಕಾರ್ಗಿಲ್ ಆಗಲಿ ಮುಂಬಯಿ ಆಗಲಿ ಪುಲ್ವಾಮಾ ಆಗಲಿ ಇದನ್ನು ನಿಲ್ಲಿಸಲಿಲ್ಲ. ತಪ್ಪು ನಮ್ಮಿಂದಲೂ ಆದೀತು. 2022ರ ಮಾರ್ಚ್ 9ರಂದು ನಮ್ಮದೇ ಒಂದು ಕ್ಷಿಪಣಿ ಅಕಸ್ಮಾತ್ತಾಗಿ ಹಾರಿ ಪಾಕಿಸ್ತಾನದ ನೆಲದಲ್ಲಿ ಬಿತ್ತು. ಅಂಥ ಗಳಿಗೆಯಲ್ಲಿ ಆಚೆಯವನು ದೂರವಾಣಿ ಎತ್ತಿಕೊಳ್ಳುವಂತಿರಬೇಕು. 1974ರ ಪೋಖರಣ ಪರೀಕ್ಷೆಯ ಮುಂಚೂಣಿಯಲ್ಲಿದ್ದ ರಾಜಾ ರಾಮಣ್ಣ ತುಮಕೂರಿನವರೆಂದು ನಾವು ಹೆಮ್ಮೆಪಡುತ್ತೇವೆ. ಹೆಮ್ಮೆಯೊಡನೆ ಹೊಣೆಯೂ ನಮ್ಮದೇ.

ಎರಡನೆಯದಾಗಿ, ಹಣದ ಹಗ್ಗವನ್ನು ಬಿಗಿಯಬೇಕು. 2018ರ ಜೂನ್‌ನಿಂದ 2022ರ ಅಕ್ಟೋಬರಿನವರೆಗೆ ಉಗ್ರರ ಹಣದ ಹರಿವನ್ನು ನೋಡಿಕೊಳ್ಳುವ ಅಂತಾರಾಷ್ಟ್ರೀಯ ಕಾರ್ಯಪಡೆ ಪಾಕಿಸ್ತಾನವನ್ನು ಬೂದುಪಟ್ಟಿಯಲ್ಲಿಟ್ಟಿತು. ಆ ಅವಧಿಯಲ್ಲೇ, 2020ರಲ್ಲಿ, ಹಫೀಜ್ ಸಯೀದನಿಗೆ ಅಲ್ಲಿನ ನ್ಯಾಯಾಲಯವೇ ಶಿಕ್ಷೆ ವಿಧಿಸಿತು. ಘೋಷಣೆಗಳಿಂದ ಆಗದ್ದು ಲೆಕ್ಕಪತ್ರದ ಒತ್ತಡದಿಂದ ಆಯಿತು. ನಮ್ಮ ರಾಯಭಾರ ಅಮೆರಿಕದೊಡನೆ, ಸಾಲ ಕೊಡುವವರೊಡನೆ ಕೇಳಬೇಕಾದದ್ದು ಇದನ್ನೇ: ಕೊಡುವುದಾದರೆ ಶಾಲೆಗೆ ಕೊಡಿ, ದಂಡಿನ ಬಿಡಾರಕ್ಕೆ ಬೇಡ.

ಮೂರನೆಯದು ನಮ್ಮ ಭಾಗದವರಿಗೆ ಕಹಿಯಾದೀತು. 2014ರ ಜನವರಿಯಲ್ಲಿ ಯೂರೋಪ್ ಒಕ್ಕೂಟ ಪಾಕಿಸ್ತಾನದ ಸಿದ್ಧ ಉಡುಪುಗಳಿಗೆ ಸುಂಕವಿಲ್ಲದ ಪ್ರವೇಶ ಕೊಟ್ಟಿತು. ಅದೇ ಮಾರುಕಟ್ಟೆಯಲ್ಲಿ ತಿರುಪ್ಪೂರಿನ ಬನಿಯನ್ನಿಗೆ ಸುಂಕ ಬಿತ್ತು. ತಿರುಪ್ಪೂರಿನಲ್ಲಿ ದುಡಿಯುವ, ವ್ಯಾಪಾರ ಮಾಡುವ ನಮ್ಮ ಬಂಧುಗಳು ಇದರಿಂದ ಕೆರಳಿದ್ದು ಸಹಜ. ನಮ್ಮ ಸರಕಿಗೂ ಸಮಾನ ಅವಕಾಶ ಬೇಕೆಂದು ಹೋರಾಡುವುದು ನ್ಯಾಯವೇ. ಆದರೆ ಅವರಿಂದ ಅದನ್ನು ಕಿತ್ತುಕೊಳ್ಳಿ ಎಂದು ಕೂಗುವ ಮೊದಲು ಯೋಚಿಸೋಣ. ಆ ರಿಯಾಯಿತಿ ಮಾನವ ಹಕ್ಕು, ಕಾರ್ಮಿಕರ ಹಕ್ಕು ಮೊದಲಾದವುಗಳ 27 ಅಂತಾರಾಷ್ಟ್ರೀಯ ಒಪ್ಪಂದಗಳಿಗೆ ಗಂಟುಬಿದ್ದದ್ದು. ಫೈಸಲಾಬಾದಿನ ಗಿರಣಿಯಲ್ಲಿ ಕೂಲಿ ಪಡೆಯುವ ಹುಡುಗ ಉಗ್ರರ ಶಿಬಿರಕ್ಕೆ ಸಿಗುವುದು ಕಷ್ಟ. ಯುದ್ಧವಿಮಾನಕ್ಕೆ ಕೊಡುವ ಡಾಲರಿಗಿಂತ ಹೊಲಿಗೆಯಂತ್ರದ ಮುಂದೆ ಸಿಗುವ ಸಂಬಳ ನಮ್ಮ ಗಡಿಗೆ ಹೆಚ್ಚು ಕ್ಷೇಮ.

ಕಡೆಯದಾಗಿ, ನಮ್ಮ ಮನೆಯನ್ನು ನಾವು ನೋಡಿಕೊಳ್ಳಬೇಕು. 1998ರ ಬಾಂಬುಗಳನ್ನು ಇಟ್ಟವರು ಗಡಿಯಾಚೆಯಿಂದ ಬಂದವರಲ್ಲ. ಈ ನೆಲದಲ್ಲೇ ಹುಟ್ಟಿದ ಸಂಘಟನೆಯವರು. ಅದಕ್ಕೆ ಮೂರು ತಿಂಗಳ ಹಿಂದೆ, 1997ರ ನವೆಂಬರಿನಲ್ಲಿ, ಪೊಲೀಸ್ ಪೇದೆಯೊಬ್ಬರ ಕೊಲೆಯಾಯಿತು; ಅದರ ಬೆನ್ನಿಗೇ ನಡೆದ ಗಲಭೆ ಮತ್ತು ಗೋಲಿಬಾರಿನಲ್ಲಿ 18 ಮುಸ್ಲಿಮರು ಸತ್ತರು. ಬಾಂಬಿಟ್ಟವರ ಪಾಪವನ್ನು ಇದು ತೊಳೆಯುವುದಿಲ್ಲ. ಆದರೆ ಉಗ್ರವಾದಕ್ಕೆ ಆಳು ಸಿಗುವ ಬಗೆ ಹೇಗೆಂಬುದನ್ನು ಈ ನಗರ ರಕ್ತ ಕೊಟ್ಟು ಕಲಿತಿದೆ. 2022ರ ಅಕ್ಟೋಬರ್ 23ರಂದು ಉಕ್ಕಡದ ಬಳಿ ಕೋಟೆ ಈಶ್ವರನ ಗುಡಿಯ ಮುಂದೆ ಕಾರು ಸಿಡಿದಾಗ ಈ ನಗರ ಗಲಭೆಗೆ ಇಳಿಯಲಿಲ್ಲ. ಆ ಸಂಯಮವೇ ರಾಷ್ಟ್ರರಕ್ಷಣೆ. ಪಾಕಿಸ್ತಾನದ ಮೇಲಿನ ಸಿಟ್ಟನ್ನು ಪಕ್ಕದ ಬೀದಿಯ ಮುಸ್ಲಿಮನ ಮೇಲೆ ತೀರಿಸಿಕೊಳ್ಳುವವನು ಹಫೀಜ್ ಸಯೀದನ ಕೆಲಸವನ್ನು ಸಂಬಳವಿಲ್ಲದೆ ಮಾಡಿಕೊಡುತ್ತಾನೆ.

ಒಂದು ಕೊನೆಯ ಮಾತು. ನೆರೆಯವರ ಜಗಳದಲ್ಲಿ ಸಿಕ್ಕಿಬೀಳುವುದೆಂದರೇನು ಎಂಬುದನ್ನು ಹೊರನಾಡ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. 1991ರಲ್ಲಿ, ಮತ್ತೆ 2016ರ ಸೆಪ್ಟೆಂಬರಿನಲ್ಲಿ, ಕಾವೇರಿಯ ಹೆಸರಿನಲ್ಲಿ ಅಲ್ಲಿ ತಮಿಳರ ಮೇಲೆ ಕಲ್ಲು ಬಿದ್ದಾಗ ಇಲ್ಲಿ ನಮ್ಮ ಎದೆ ನಡುಗಿತು. ಕರ್ನಾಟಕದ ನೋಂದಣಿಫಲಕವುಳ್ಳ ಗಾಡಿಯನ್ನು ಬೀದಿಗೆ ತರಲು ಅಂಜಿದೆವು. ಶರವಣಂಪಟ್ಟಿಯ ಮುಂದೆ ಹಾದುಹೋಗುವ ಸತ್ತಿ ರಸ್ತೆ ದಿಂಬಂ ಘಟ್ಟ ಹತ್ತಿ ಚಾಮರಾಜನಗರಕ್ಕೆ ಹೋಗುವ ರಸ್ತೆ. ಅದು ಮುಚ್ಚಿದ ದಿನ ನಮಗೆ ತವರು ಮುಚ್ಚಿತು. ಆ ದಿನಗಳಲ್ಲಿ ಆಚೆಯ ನಾಡು ಹಾಳಾಗಲಿ ಎಂದು ಎರಡೂ ಕಡೆ ಕೂಗಿದವರಿದ್ದರು. ಅವರಿಂದ ಒಂದು ಹನಿ ನೀರೂ ಹರಿಯಲಿಲ್ಲ. ನ್ಯಾಯಮಂಡಳಿ, ಸುಪ್ರೀಂ ಕೋರ್ಟು, ಪ್ರಾಧಿಕಾರ, ಅಳತೆಗೋಲು ಹಿಡಿದು ಕುಳಿತ ಎಂಜಿನಿಯರುಗಳು ಇವರಿಂದಲೇ ಹರಿದದ್ದು. ಎರಡು ರಾಜ್ಯಗಳ ಜಗಳವೂ ಎರಡು ಅಣುರಾಷ್ಟ್ರಗಳ ಜಗಳವೂ ಒಂದೇ ಅಲ್ಲ, ನಿಜ. ಇಲ್ಲಿ ಎರಡೂ ಮನೆಗಳ ಮೇಲೆ ಒಂದು ಸಂವಿಧಾನವಿದೆ, ಅಲ್ಲಿ ಇಲ್ಲ. ಮೇಲೊಬ್ಬ ನ್ಯಾಯಾಧೀಶನಿಲ್ಲದ ಕಡೆ ಮಾತನ್ನು ಇನ್ನೂ ಎಚ್ಚರದಿಂದ ಕಾಯಬೇಕಲ್ಲವೆ?

ಮುಂದಿನ ಕೂಟದಲ್ಲಿ ಊಟದ ಎಲೆಯ ಮುಂದೆ ಆ ಹಳೆಯ ಮಾತು ಮತ್ತೆ ಬಂದಾಗ, ತಲೆಯಾಡಿಸುವ ಮೊದಲು ಒಬ್ಬರಾದರೂ ಆ ಒಂದು ಪ್ರಶ್ನೆಯನ್ನು ಕೇಳಲಿ: ಚೂರಾಗಲಿ ಸರಿ, ಆ ಅಸ್ತ್ರಗಳು ಯಾವ ಚೂರಿನ ಪಾಲಿಗೆ? ಉತ್ತರ ಇರುವವರು ಹೋಳಿಗೆ ಮುಂದುವರಿಸಬಹುದು.